ಎಲೆ ಉದುರಿಸುತ್ತಿದ್ದ ಫೈಕಸ್ ಬೋನ್ಸಾಯ್ ಉಳಿದದ್ದು ಹೀಗೆ

ಮಡಿಕೇರಿ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಅಂಗಳದಲ್ಲಿದ್ದ ನನ್ನ ಫೈಕಸ್ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ, ಆಲದ ಜಾತಿಯ ಗಿಡ) ಜುಲೈ ಹೊತ್ತಿಗೆ ಹಳದಿಯಾಗಿ ಎಲೆ ಉದುರಿಸತೊಡಗಿತು. ಗೊಬ್ಬರ ಸಾಲದೇನೋ ಅಂತ ಒಂದು ಹಿಡಿ ಹಾಕಿದೆ. ಇನ್ನೂ ಜಾಸ್ತಿ ಉದುರಿತು!

ಕೊನೆಗೆ ಕುಂಡದಿಂದ ಎತ್ತಿ ನೋಡಿದೆ. ಕಾಫಿ ತೋಟದಿಂದ ತಂದ ಮಣ್ಣು ಮುದ್ದೆಯಾಗಿತ್ತು. ತಳದ ತೂತು ಮುಚ್ಚಿಹೋಗಿತ್ತು. ಬೇರು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕೊಳೆತ ವಾಸನೆ ಬೇರೆ.

ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಕಡಲೆಕಾಳಿನಷ್ಟು ಇಟ್ಟಿಗೆ ಚೂರು 2 ಪಾಲು, ದಪ್ಪ ಮರಳು 1, ಕಾಂಪೋಸ್ಟ್ 1 ಬೆರೆಸಿ, ತೂತಿನ ಮೇಲೆ ಸೊಳ್ಳೆಪರದೆ ತುಂಡಿಟ್ಟು ಮತ್ತೆ ನೆಟ್ಟೆ. ಮಳೆ ತಾಗದ, ಆದರೆ ಬೆಳಕಿರುವ ಜಗಲಿ ಅಂಚಿನಲ್ಲಿಟ್ಟೆ. ಬೆರಳು ಅರ್ಧ ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಬಂದ್.

ಐದನೇ ವಾರ ಬೋಳು ಕೊಂಬೆಯ ತುದಿಯಲ್ಲಿ ಸೂಜಿಮೊನೆಯಂಥ ಚಿಗುರು ಕಂಡಿತು.