ಬನಿಯನ್ ಬಟ್ಟೆಯಿಂದ ಬಾಗುವ ಕ್ಯಾಥೋಡ್: ನನ್ನ ಅನುಭವ

ಬ್ಯಾಟರಿಯ ಕ್ಯಾಥೋಡ್, ಅಂದರೆ ಅದರ ಧನ ವಿದ್ಯುದ್ವಾರವನ್ನು ಬಟ್ಟೆಯಿಂದ ಮಾಡಲು ನಾನು ಮೊದಲು ಕುಲುಮೆಗೆ ಹಾಕಿದ್ದು ಅಪ್ಪನ ಹಳೇ ಪಂಚೆಯ ತುಂಡು. ಉರಿದುಹೋಗದಂತೆ ಗಾಳಿಯ ಬದಲು ಆರ್ಗಾನ್ ಅನಿಲದಲ್ಲಿ 900 ಡಿಗ್ರಿವರೆಗೆ ಕಾಯಿಸಿ ತೆಗೆದಾಗ ಎಳೆ ಎಳೆಯೂ ಇದ್ದ ಜಾಗದಲ್ಲೇ ಇತ್ತು, ಬಣ್ಣ ಮಾತ್ರ ಕಾಡಿಗೆಯಂತಾಗಿತ್ತು. ಖುಷಿಯಲ್ಲಿ ಚಿಮುಟದಿಂದ ಎತ್ತಿ ಗಾಜಿನ ಕಡ್ಡಿಗೆ ಸುತ್ತಲು ಹೋದೆ. ಸುಟ್ಟ ಹಪ್ಪಳದ ಹಾಗೆ ಮುರಿದುಹೋಯಿತು.

ಮೈಸೂರಿನ ಒಂದು ಲ್ಯಾಬಿನಲ್ಲಿ ಲಿಥಿಯಂ-ಸಲ್ಫರ್ ಬ್ಯಾಟರಿ ಮೇಲೆ ಕೆಲಸ ಮಾಡುತ್ತಿದ್ದೇನೆ ಅಂದರೆ ಮಂಡ್ಯದ ಕಡೆಯ ನಮ್ಮೂರಲ್ಲಿ ಎಲ್ಲರೂ ಕೇಳುವುದು ನಮ್ಮ ಜಿಲ್ಲೆಯ ಮರಳಗಾಲದಲ್ಲಿ ಸಿಕ್ಕ ಲಿಥಿಯಂ ನಿಕ್ಷೇಪ ಏನಾಯ್ತು ಅಂತ. ಅಲ್ಲಿ ಅಂದಾಜಿಸಿರುವುದು 1,600 ಟನ್, ದೇಶದ ಅಗತ್ಯಕ್ಕೆ ತೀರಾ ಚಿಕ್ಕದು. ನಾನು ಮಾತನ್ನು ಗಂಧಕದ ಕಡೆ ತಿರುಗಿಸುತ್ತೇನೆ. ಹಿಪ್ಪುನೇರಳೆಗೆ ಬೂದಿ ರೋಗ ಬಂದರೆ ಹೊಡೆಯುತ್ತೀರಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿ ಮಾಡೋಕೆ ಉರಿಸುತ್ತಾರಲ್ಲ, ಅದೇ ಗಂಧಕ. ಲೆಕ್ಕದ ಪ್ರಕಾರ ಅದರ ಒಂದು ಗ್ರಾಂ 1,675 ಮಿಲಿಆಂಪ್-ಅವರ್ ವಿದ್ಯುತ್ ಹಿಡಿಯಬಲ್ಲದು. ಈಗಿನ ಬ್ಯಾಟರಿಗಳ ಕ್ಯಾಥೋಡ್ ಪುಡಿ 200ರ ಆಸುಪಾಸು. ವೋಲ್ಟೇಜ್ ಮಾತ್ರ ಕಡಿಮೆ, 2.1 ವೋಲ್ಟಿನ ಹತ್ತಿರ.

ಆದರೆ ಗಂಧಕ ವಿದ್ಯುತ್ ಹರಿಸುವುದಿಲ್ಲ. ಲಿಥಿಯಂ ಸೇರಿ ಲಿಥಿಯಂ ಸಲ್ಫೈಡ್ ಆಗುವಾಗ ಶೇ. 80ರಷ್ಟು ಉಬ್ಬುತ್ತದೆ. ನಡುವಿನ ಹಂತದಲ್ಲಿ ಹುಟ್ಟುವ ಪಾಲಿಸಲ್ಫೈಡ್ ಎಂಬ ಲಿಥಿಯಂ-ಗಂಧಕ ಸಂಯುಕ್ತಗಳು ಎಲೆಕ್ಟ್ರೋಲೈಟಿನಲ್ಲಿ (ಸೆಲ್ಲಿನೊಳಗಿನ ದ್ರವದಲ್ಲಿ) ಕರಗಿ ಆಚೆ ಬದಿಯ ಲಿಥಿಯಂವರೆಗೂ ಹೋಗಿಬಿಡುತ್ತವೆ. ಅದಕ್ಕೇ ಕಾರ್ಬನ್ನಿನ ಆಸರೆ ಬೇಕು. ಸಾಮಾನ್ಯವಾಗಿ ಗಂಧಕ, ಕಾರ್ಬನ್ ಪುಡಿಗಳನ್ನು ಅಂಟಿನೊಂದಿಗೆ ಕಲಸಿ ಅಲ್ಯೂಮಿನಿಯಂ ಹಾಳೆಗೆ ಬಳಿಯುತ್ತಾರೆ. ಅದನ್ನು ನಾಲ್ಕು ಸಲ ಬಾಗಿಸಿದರೆ ಸುಣ್ಣದ ಗೋಡೆಯಂತೆ ಚಕ್ಕೆ ಏಳುತ್ತದೆ. ಬಟ್ಟೆಯನ್ನೇ ಕಾರ್ಬನ್ ಮಾಡಿದರೆ ಹಾಳೆಯೂ ಬೇಡ, ಅಂಟೂ ಬೇಡ.

ಪಂಚೆ ಯಾಕೆ ಮುರಿಯಿತು ಅಂತ ಎರಡು ತಿಂಗಳು ಕುಲುಮೆಯ ತಾಪವನ್ನೇ ಅನುಮಾನಿಸಿದೆ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊತ್ತಾಯಿತು. ಪಂಚೆಯದ್ದು ಹಾಸು-ಹೊಕ್ಕಿನ ಬಿಗಿ ನೇಯ್ಗೆ. ಬಾಗಿಸಿದರೆ ಎಳೆಯೇ ಬಾಗಬೇಕು, ಕಾರ್ಬನ್ ಆದ ಎಳೆಗೆ ಅಷ್ಟು ಬಾಗುವ ಶಕ್ತಿ ಇಲ್ಲ. ಬನಿಯನ್ನಿನದು ಹೆಣಿಗೆ, ಕುಣಿಕೆಯೊಳಗೆ ಕುಣಿಕೆ. ಅಲ್ಲಿ ಎಳೆ ಹೆಚ್ಚು ಬಾಗುವುದಿಲ್ಲ, ಕುಣಿಕೆಗಳು ಒಂದರ ಮೇಲೊಂದು ಜಾರುತ್ತವೆ. ಅಂದೇ ಸಂತೆಪೇಟೆಗೆ ಹೋಗಿ ಬಿಳಿ ಬನಿಯನ್ ತಂದೆ. ಮೊದಲು ಒಂದು ಎಳೆ ಸುಟ್ಟು ನೋಡಿ: ಕರಗಿ ಗುಂಡಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್ ಬೆರೆತಿದೆ, ಬೇಡ. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ. ವಾಷಿಂಗ್ ಸೋಡಾ ನೀರಿನಲ್ಲಿ ಕುದಿಸಿ ಗಂಜಿ, ಮೇಣ ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸುತ್ತೇನೆ.

ಕಾಯಿಸುವಾಗ ಆತುರಪಟ್ಟರೆ ಕೆಲಸ ಕೆಟ್ಟಿತು. ಹತ್ತಿಯ ಸೆಲ್ಯುಲೋಸ್ ಮುಖ್ಯವಾಗಿ ಒಡೆಯುವುದು 300ರಿಂದ 370 ಡಿಗ್ರಿ ನಡುವೆ. ಹಾಗಾಗಿ 400ರವರೆಗೆ ನಿಮಿಷಕ್ಕೆ 1 ಡಿಗ್ರಿ, ಆಮೇಲೆ 3 ಡಿಗ್ರಿ, 900ರಲ್ಲಿ ಎರಡು ಗಂಟೆ. ತಣ್ಣಗಾಗುವವರೆಗೂ ಆರ್ಗಾನ್ ನಿಲ್ಲಿಸುವಂತಿಲ್ಲ. ಒಂದು ರಾತ್ರಿ ಸಿಲಿಂಡರ್ ಮುಳ್ಳು ನೋಡದೆ ಹಾಸ್ಟೆಲಿಗೆ ಹೋದೆ. ಬೆಳಿಗ್ಗೆ ಬಟ್ಟೆ ಇಟ್ಟಿದ್ದ ಪಿಂಗಾಣಿ ದೋಣಿಯಲ್ಲಿದ್ದದ್ದು ಒಂದು ಚಿಟಿಕೆ ಬೂದಿ. ಅಲ್ಲಿಂದೀಚೆಗೆ ಹೊರಡುವ ಮುಂಚೆ ಮುಳ್ಳಿನ ಫೋಟೋ ತೆಗೆಯುವುದು ರೂಢಿಯಾಗಿದೆ. ಎಲ್ಲ ಸರಿಹೋದರೆ 5 ಸೆಂಟಿಮೀಟರ್ ತುಂಡು 3.8ಕ್ಕೆ ಕುಗ್ಗಿ, ತೂಕ ಆರನೇ ಒಂದು ಭಾಗಕ್ಕೆ ಇಳಿದು ಬರುತ್ತದೆ. ಪೆನ್ನಿಗೆ ಸುತ್ತಿದರೆ ಸುತ್ತಿಕೊಳ್ಳುತ್ತದೆ, ಬಿಟ್ಟರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಹಾಗಾದಾಗ ಇಡೀ ಲ್ಯಾಬನ್ನು ಕರೆದು ತೋರಿಸಿದ್ದೆ.

ಗಂಧಕ ತುಂಬಿಸುವಲ್ಲಿ ಮತ್ತೆ ಎಡವಿದೆ. 155 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಗಂಧಕ ಅತಿ ತೆಳುವಾಗಿ ಹರಿಯುತ್ತದೆ, 160 ದಾಟಿದರೆ ಪಾಕದ ಹಾಗೆ ಗಟ್ಟಿಯಾಗುತ್ತದೆ. ಅದರಂತೆ ಪುಡಿ ಉದುರಿಸಿ 155ರಲ್ಲಿ ಹನ್ನೆರಡು ಗಂಟೆ ಇಟ್ಟೆ. ಗಂಧಕ ಕುಣಿಕೆಗಳ ಸಂದಿಯಲ್ಲೇ ನಿಂತು ಬೆಸುಗೆ ಹಾಕಿದಂತಾಯಿತು. ಬಾಗಿಸಿದರೆ ಚಿಟಚಿಟ ಸದ್ದು. ಬನಿಯನ್ ಮತ್ತೆ ಪಂಚೆಯೇ ಆಗಿತ್ತು.

ಈಗ ಮಾಡುವುದು ಬೇರೆ ದಾರಿ. ಗ್ಲೋವ್ ಬಾಕ್ಸಿನೊಳಗೆ (ಹೊರಗಿನ ಗಾಳಿ, ತೇವ ನುಸುಳದ, ಕೈಗವಸು ಜೋಡಿಸಿದ ಪೆಟ್ಟಿಗೆ) ಲಿಥಿಯಂ ಸಲ್ಫೈಡ್ ಒಂದು ಪಾಲು, ಗಂಧಕದ ಪರಮಾಣು ಲೆಕ್ಕದಲ್ಲಿ ಐದು ಪಾಲು, ಎಲೆಕ್ಟ್ರೋಲೈಟಿಗೆ ಬಳಸುವ ಡಯಾಕ್ಸೊಲೇನ್-ಡೈಮೆಥಾಕ್ಸಿಈಥೇನ್ ದ್ರಾವಕದಲ್ಲಿ ರಾತ್ರಿಯಿಡೀ ಕಲಕುತ್ತೇನೆ. ಬೆಳಿಗ್ಗೆ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣ ಬಂದಿರುತ್ತದೆ. ಅರ್ಧ ಮೋಲಾರ್ ದ್ರಾವಣ, ಸುಟ್ಟ ಬಟ್ಟೆಯ 12 ಮಿಲಿಮೀಟರ್ ಬಿಲ್ಲೆಗೆ 35 ಮೈಕ್ರೋಲೀಟರ್. ಹನಿ ಬಿದ್ದ ಕೂಡಲೇ ಬಟ್ಟೆ ಹೀರಿಕೊಂಡುಬಿಡುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 3 ಮಿಲಿಗ್ರಾಂ ಗಂಧಕ. ಇದನ್ನು ಹೊರಗಿನ ಗಾಳಿಯಲ್ಲಿ ಮಾಡಲೇಬೇಡಿ. ತೇವ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ. ಬಳಸಿದ ಸೆಲ್ ಬಿಚ್ಚುವಾಗಲೂ ಇದೇ ಎಚ್ಚರ ಬೇಕು.

ಲಿಥಿಯಂ ನೈಟ್ರೇಟ್ ಸೇರಿಸಿದ ಎಲೆಕ್ಟ್ರೋಲೈಟಿನಲ್ಲಿ ಗಂಧಕದ ಗ್ರಾಮಿಗೆ ಸುಮಾರು 1,100 ಮಿಲಿಆಂಪ್-ಅವರ್ ಬಂತು. ನೂರು ಸುತ್ತು ಚಾರ್ಜ್-ಡಿಸ್ಚಾರ್ಜ್ ಮಾಡಿದ ನಂತರ 700. ಆದರೆ ಗಂಧಕವೊಂದನ್ನೇ ತೂಗಿ ಸಂಖ್ಯೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಬಟ್ಟೆಯೇ ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ 15 ಮೈಕ್ರಾನ್ ಅಲ್ಯೂಮಿನಿಯಂ ಹಾಳೆಯಷ್ಟೇ. ಅದನ್ನೂ ಸೇರಿಸಿದರೆ 1,100 ಅನ್ನುವುದು 470 ಆಗುತ್ತದೆ. ಎಲೆಕ್ಟ್ರೋಲೈಟಿನ ತೂಕ ಹಿಡಿದರೆ ಇನ್ನೂ ಇಳಿಯುತ್ತದೆ.

ಬರಿ ಬಟ್ಟೆಯನ್ನು 6 ಮಿಲಿಮೀಟರ್ ಕಡ್ಡಿಗೆ ಇನ್ನೂರು ಸಲ ಸುತ್ತಿ ಬಿಚ್ಚಿದಾಗ ರೋಧ 14 ಓಮ್‌ನಿಂದ 16ಕ್ಕೆ ಏರಿತು, ಅಷ್ಟೇ. ಹಾಗಾಗಿ ನೂರು ಸುತ್ತು ಮುಗಿಸಿದ ಸೆಲ್ ಬಿಚ್ಚಿ ಕ್ಯಾಥೋಡನ್ನು ಧೈರ್ಯವಾಗಿಯೇ ಬಾಗಿಸಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ದೊಡ್ಡದು ಮಾಡಿ ನೋಡಿದರೆ ಕುಣಿಕೆ ಕುಣಿಕೆ ಸೇರುವ ಕಡೆಗಳಲ್ಲೆಲ್ಲ ಲಿಥಿಯಂ ಸಲ್ಫೈಡ್ ಗಂಟು ಕಟ್ಟಿತ್ತು. ಅಂದು 155 ಡಿಗ್ರಿಯಲ್ಲಿ ಒಂದೇ ರಾತ್ರಿಗೆ ಆದದ್ದು ಇಲ್ಲಿ ನೂರು ಸುತ್ತಿನಲ್ಲಿ ಆಗಿದೆ.

ಎಳೆಗಳ ಮೈಯಲ್ಲೇ ಸಣ್ಣ ರಂಧ್ರಗಳಿದ್ದರೆ ಲಿಥಿಯಂ ಸಲ್ಫೈಡ್ ಸಂದಿಗಳಲ್ಲಿ ಸೇರುವ ಬದಲು ಅಲ್ಲೇ ಹರಡಿ ಕೂರಬಹುದು ಅಂತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸುಟ್ಟ ಬಟ್ಟೆ ತಯಾರಿಸಿದ್ದೇನೆ. ತೀರಾ ಹೆಚ್ಚು ಹಾಕಿದರೆ ಎಳೆಯೇ ಸವೆದುಹೋಗುತ್ತದೆ, ಮೊದಲ ಎರಡು ತುಂಡು ಹಾಗೇ ಪುಡಿಯಾದವು. ಮೂರನೆಯದು ಬಾಗುತ್ತಿದೆ. ಅದರ ಸೆಲ್ ನಿನ್ನೆ ಇಪ್ಪತ್ತನೇ ಸುತ್ತಿನಲ್ಲಿತ್ತು.