ಹಳೆಯ ಆ್ಯಂಟಿವೈರಸ್ ಬಿಟ್ಟುಹೋದ ಡ್ರೈವರ್ ಮತ್ತು ದೋಷಸಂಖ್ಯೆ 1603

ಮನೆಯ ಕಂಪ್ಯೂಟರಿನಲ್ಲಿದ್ದ ಆ್ಯಂಟಿವೈರಸ್‌ನ ಅವಧಿ ಮುಗಿದಾಗ ಅದನ್ನು ತೆಗೆದುಹಾಕಿ, ಬೇರೊಂದು ಸಂಸ್ಥೆಯ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಲು ಹೊರಟೆ. ಕೆಲಸ ಬಹುಪಾಲು ಮುಗಿಯಿತು ಎನ್ನುವಾಗ ಇನ್‌ಸ್ಟಾಲರ್ ಅದುವರೆಗೆ ಮಾಡಿದ್ದನ್ನೆಲ್ಲ ತಾನೇ ಅಳಿಸಿ, 1603 ಎಂಬ ದೋಷಸಂಖ್ಯೆ ತೋರಿಸಿ ನಿಂತುಬಿಟ್ಟಿತು. ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು ನೋಡಿದರೆ, ತೆಗೆದುಹಾಕಿದ ತಂತ್ರಾಂಶದ ಹೆಸರೇ ಅಲ್ಲಿ ಇನ್ನೂ ನಮೂದಾಗಿದ್ದು, ಆ ಕಾರಣಕ್ಕೆ ವಿಂಡೋಸಿನ ಸ್ವಂತ ಡಿಫೆಂಡರ್ ಚಾಲನೆಗೆ ಬಂದಿರಲಿಲ್ಲ. ಅಂದರೆ ಕಂಪ್ಯೂಟರಿಗೆ ಯಾವ ರಕ್ಷಣೆಯೂ ಇರಲಿಲ್ಲ. ಇದು ಸರಿಹೋಗುವವರೆಗೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದೆಂದು ಮನೆಯವರಿಗೆಲ್ಲ ಹೇಳಿದೆ.

1603 ಎಂದರೆ ‘ಇನ್‌ಸ್ಟಾಲೇಶನ್ ವಿಫಲವಾಯಿತು’ ಎಂದಷ್ಟೇ ಅರ್ಥ; ಏಕೆ ವಿಫಲವಾಯಿತು ಎಂಬುದು ಅದರಲ್ಲಿಲ್ಲ. 1618 ಬಂದಿದ್ದರೆ ಮತ್ತೊಂದು ಇನ್‌ಸ್ಟಾಲೇಶನ್ ಆಗಲೇ ನಡೆಯುತ್ತಿದೆ ಎಂದು ನೇರವಾಗಿ ತಿಳಿಯುತ್ತಿತ್ತು. ಇಂಥ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವವರು ಒಂದು ಎಚ್ಚರ ವಹಿಸಬೇಕು: ಸಹಾಯವಾಣಿ ಎಂದು ಹೇಳಿಕೊಂಡು ಫೋನ್ ನಂಬರ್ ಕೊಟ್ಟು, ನಿಮ್ಮ ಕಂಪ್ಯೂಟರನ್ನು ದೂರದಿಂದ ತಮ್ಮ ಕೈಗೆ ಒಪ್ಪಿಸುವಂತೆ ಕೇಳುವವರು ವಂಚಕರಾಗಿರುವ ಸಾಧ್ಯತೆಯೇ ಹೆಚ್ಚು.

ಸುಲಭವಾದವುಗಳನ್ನು ಮೊದಲು ಮುಗಿಸಿದೆ. ದಿನಾಂಕ ಮತ್ತು ಸಮಯ ಸರಿಯಾಗಿದ್ದವು. ಅವು ತಪ್ಪಿದ್ದರೆ ಡಿಜಿಟಲ್ ಸಹಿಯ (ಫೈಲ್ ತಯಾರಕರದ್ದೇ ಎಂಬುದರ ಗುರುತು) ಪರಿಶೀಲನೆ ಸೋಲಬಹುದು. ಡಿಸ್ಕಿನಲ್ಲಿ ಸಾಕಷ್ಟು ಜಾಗವಿತ್ತು. ಆಮೇಲೆ ‘ಶಟ್ ಡೌನ್’ ಬದಲು ‘ರೀಸ್ಟಾರ್ಟ್’ ಕೊಟ್ಟೆ. ಈ ವ್ಯತ್ಯಾಸ ಅನೇಕರ ಗಮನಕ್ಕೆ ಬಂದಿರುವುದಿಲ್ಲ: ಬೇಗ ಆನ್ ಆಗಲೆಂದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇರುವ ಕಂಪ್ಯೂಟರನ್ನು ಶಟ್ ಡೌನ್ ಮಾಡಿದಾಗ ವಿಂಡೋಸಿನ ಒಳಭಾಗದ ಸ್ಥಿತಿಯೂ ಡ್ರೈವರ್‌ಗಳ (ವಿಂಡೋಸಿನ ಒಳಗೆ ಸೇರಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್‌ಗಳು) ಸ್ಥಿತಿಯೂ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೆಯೇ ಮರಳಿ ಬರುತ್ತವೆ, ಹೊಸದಾಗಿ ಆರಂಭವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ. ನನ್ನ ಕಂಪ್ಯೂಟರಿನಲ್ಲಿ ಅದರಿಂದಲೂ ಪ್ರಯೋಜನವಾಗಲಿಲ್ಲ.

ಹಾಗಾಗಿ ಲಾಗ್ ಓದಲು ಕುಳಿತೆ. ಎಂಎಸ್ಐ (ವಿಂಡೋಸಿನದೇ ಇನ್‌ಸ್ಟಾಲೇಶನ್ ಪ್ಯಾಕೇಜ್) ಮಾದರಿಯ ಇನ್‌ಸ್ಟಾಲರ್‌ಗಳು ತಮ್ಮ ಪ್ರತಿ ಹೆಜ್ಜೆಯನ್ನೂ ಬರೆದಿಡಬಲ್ಲವು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾವಿರಾರು ಸಾಲುಗಳಿರುತ್ತವೆ, ಆದರೆ ಎಲ್ಲವನ್ನೂ ಓದಬೇಕಾಗಿಲ್ಲ. ‘ರಿಟರ್ನ್ ವ್ಯಾಲ್ಯೂ 3’ ಎಂಬ ಇಂಗ್ಲಿಷ್ ಪದಗಳನ್ನು ಹುಡುಕಿ, ಅವು ಮೊದಲು ಸಿಗುವ ಜಾಗದಲ್ಲಿ ನಿಂತು ಅದರ ಮೇಲಿನ ಕೆಲವು ಸಾಲುಗಳನ್ನು ನೋಡಿದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ಅದರ ಕೆಳಗಿರುವುದರಲ್ಲಿ ಹೆಚ್ಚಿನದು ಆ ಸೋಲಿನ ಪರಿಣಾಮ. ನನ್ನ ಲಾಗ್‌ನಲ್ಲಿ ಆ ಜಾಗದಲ್ಲಿ, ಹೊಂದಾಣಿಕೆಯಾಗದ ಇನ್ನೊಂದು ಭದ್ರತಾ ತಂತ್ರಾಂಶ ಇದೆ ಎಂದು ಬರೆದಿತ್ತು.

ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಫ್‌ಎಲ್‌ಟಿಎಂಸಿ’ (fltmc) ಎಂಬ ಆಜ್ಞೆ ಕೊಟ್ಟೆ. ಫೈಲ್ ತೆರೆಯುವ ಪ್ರೋಗ್ರಾಮಿಗೂ ಡಿಸ್ಕಿಗೂ ನಡುವೆ ಕುಳಿತು ಎಲ್ಲವನ್ನೂ ತಪಾಸಣೆ ಮಾಡುವ ಫಿಲ್ಟರ್ ಡ್ರೈವರ್‌ಗಳನ್ನು ಅದು ಪಟ್ಟಿ ಮಾಡುತ್ತದೆ. ಪ್ರತಿಯೊಂದರ ಮುಂದೆಯೂ ಅದರ ಸ್ಥಾನ ಸೂಚಿಸುವ ಸಂಖ್ಯೆಯಿದ್ದು, 320000ರಿಂದ 329998ರವರೆಗಿನವು ಆ್ಯಂಟಿವೈರಸ್‌ಗಳಿಗೆ ಮೀಸಲು. ಆ ವ್ಯಾಪ್ತಿಯಲ್ಲಿ ಹಳೆಯ ತಂತ್ರಾಂಶದ ಡ್ರೈವರ್ ಇನ್ನೂ ಇತ್ತು. ಪ್ರೋಗ್ರಾಮ್‌ಗಳ ಪಟ್ಟಿಯಿಂದ ಹೆಸರು ಹೋಗಿದ್ದರೂ ಬೇರು ಉಳಿದಿತ್ತು. ಇಂಥ ಎರಡು ಡ್ರೈವರ್‌ಗಳು ಒಂದೇ ಫೈಲನ್ನು ಒಟ್ಟಿಗೆ ತಪಾಸಣೆಗೆ ಹಿಡಿದರೆ ಕಂಪ್ಯೂಟರ್ ವಿಪರೀತ ನಿಧಾನವಾಗಬಹುದು ಅಥವಾ ನೀಲಿ ಪರದೆ ತೋರಿಸಿ ನಿಲ್ಲಬಹುದು. ಆದ್ದರಿಂದ ಹೊಸ ಇನ್‌ಸ್ಟಾಲರ್ ಹಿಂದೆ ಸರಿದದ್ದು ಸರಿಯಾಗಿಯೇ ಇತ್ತು.

ಆ ಡ್ರೈವರ್ ಫೈಲನ್ನು ಕೈಯಾರೆ ಅಳಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಫೈಲ್ ಹೋಗಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದರ ನಮೂದು ಉಳಿದರೆ, ಅದನ್ನು ಅವಲಂಬಿಸಿದ ಸಾಧನ ಕೆಲಸ ನಿಲ್ಲಿಸಬಹುದು. ಆ್ಯಂಟಿವೈರಸ್ ತಯಾರಕರಲ್ಲಿ ಹಲವರು ಇದಕ್ಕೆಂದೇ ರಿಮೂವಲ್ ಟೂಲ್ ಕೊಡುತ್ತಾರೆ. ತಯಾರಕರ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಂಡು, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ನೋಡಿಕೊಂಡೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣವಾಗಿದ್ದರೆ ಸೇಫ್ ಮೋಡಿಗೆ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಚಾಲನೆಯಲ್ಲಿರುವ ಸ್ಥಿತಿ) ಹೋಗುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದಾದ್ದರಿಂದ, ಅದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡೆ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಒಂದನ್ನೂ ಮಾಡಿಟ್ಟೆ. ನಂತರ ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್ ಸೇರಿ, ಅಲ್ಲಿ ಟೂಲ್ ಓಡಿಸಿದೆ.

ಮರಳಿ ಬಂದು ಅದೇ ಆಜ್ಞೆ ಕೊಟ್ಟಾಗ ಆ ಸಾಲು ಇರಲಿಲ್ಲ, ಡಿಫೆಂಡರ್ ತಾನಾಗಿಯೇ ಚಾಲನೆಗೊಂಡಿತ್ತು. ಆದರೂ ಹೊಸದನ್ನು ತಕ್ಷಣ ಹಾಕಲಿಲ್ಲ. ರಕ್ಷಣೆಯಿಲ್ಲದ ಅವಧಿಯಲ್ಲಿ ಕುತಂತ್ರಾಂಶ ನುಸುಳಿದ್ದರೆ ಅದೂ ಇನ್‌ಸ್ಟಾಲೇಶನ್ನನ್ನು ತಡೆಯಬಲ್ಲದು; ತಾಣಗಳ ಹೆಸರಿಗೆ ವಿಳಾಸ ಸೂಚಿಸುವ ಹೋಸ್ಟ್ಸ್ ಫೈಲನ್ನು ತಿದ್ದಿ ಭದ್ರತಾ ಸಂಸ್ಥೆಗಳ ತಾಣಗಳೇ ತೆರೆಯದಂತೆ ಮಾಡುವುದು ಅದರ ಹಳೆಯ ತಂತ್ರ. ಆ ಫೈಲನ್ನು ನೋಡಿ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಿದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ನಡೆಯುವ ಈ ತಪಾಸಣೆಗೆ ಸುಮಾರು 15 ನಿಮಿಷ ಸಾಕು.

ಹೊಸ ತಂತ್ರಾಂಶ ಈ ಬಾರಿ ತಕರಾರಿಲ್ಲದೆ ಕುಳಿತುಕೊಂಡಿತು. ‘ಮೊದಲು ಡಿಫೆಂಡರ್ ಆಫ್ ಮಾಡಿ’ ಎಂಬ ಸಲಹೆಯನ್ನು ನಾನು ಪಾಲಿಸಲಿಲ್ಲ, ಅದರ ಅಗತ್ಯವೂ ಇಲ್ಲ; ಹೊಸ ಆ್ಯಂಟಿವೈರಸ್ ನೋಂದಣಿಯಾದ ಕೂಡಲೇ ಡಿಫೆಂಡರ್ ತಾನಾಗಿ ಜಾಗ ಬಿಟ್ಟುಕೊಡುತ್ತದೆ. ಕೊನೆಗೆ ಐಕಾರ್ ಎಂಬ 68 ಅಕ್ಷರಗಳ ನಿರುಪದ್ರವಿ ಪರೀಕ್ಷಾ ಫೈಲನ್ನು ಇಳಿಸಿಕೊಳ್ಳಲು ಯತ್ನಿಸಿದೆ. ಹೊಸ ತಂತ್ರಾಂಶ ಅದನ್ನು ಕೂಡಲೇ ತಡೆದು ಎಚ್ಚರಿಕೆ ತೋರಿಸಿತು. ಅದಾದ ಮೇಲೆಯೇ, ಇನ್ನು ಬ್ಯಾಂಕಿನ ಕೆಲಸ ಮಾಡಿಕೊಳ್ಳಬಹುದು ಎಂದು ಮನೆಯವರಿಗೆ ತಿಳಿಸಿದೆ.