ಹೆಸರಿಲ್ಲದ ಜನನ ಪ್ರಮಾಣಪತ್ರ

ಪತಿಗೆ ನೆದರ್ಲೆಂಡ್ಸ್‌ನಲ್ಲಿ ಕೆಲಸ ಸಿಕ್ಕಾಗ ನನ್ನ ಚಿಂತೆಯೆಲ್ಲ ಹತ್ತನೇ ತರಗತಿಯ ಮಗನ ಓದಿನದೇ ಆಗಿತ್ತು. ಆದರೆ ನಾವು ಸಿಲುಕಿಕೊಂಡದ್ದು ಹದಿಮೂರರ ಮಗಳ ಜನನ ಪ್ರಮಾಣಪತ್ರದಲ್ಲಿ. ಹಾಸನದಲ್ಲಿ ನಾಮಕರಣಕ್ಕೂ ಮೊದಲೇ ಜನನ ನೋಂದಣಿಯಾಗಿದ್ದರಿಂದ ಹೆಸರಿನ ಜಾಗದಲ್ಲಿ ಒಂದು ಸಣ್ಣ ಗೀಟಷ್ಟೇ ಇತ್ತು. ಅದರ ಮೇಲೆ ಬೆರಳಾಡಿಸುತ್ತ, “ಅಮ್ಮ, ಇದರಲ್ಲಿ ನಾನೇ ಇಲ್ಲವಲ್ಲ” ಎಂದು ಅವಳು ಹೇಳಿದಾಗ ಕರುಳು ಚುರುಕ್ಕೆಂದಿತು.

ನೋಂದಣಿಯಾದ 15 ವರ್ಷಗಳೊಳಗೆ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ನಮ್ಮಿಬ್ಬರ ಆಧಾರ್ ಹಾಗೂ ಅಫಿಡವಿಟ್ ಸಹಿತ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟು, ಹೆಸರುಳ್ಳ ಹೊಸ ಪ್ರತಿ ಕೈಸೇರಿದ ನಂತರವೇ ಅದನ್ನು ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಗೆ, ಅಂದರೆ ದಾಖಲೆಯ ಸಹಿ-ಮೊಹರು ಅಸಲಿ ಎಂದು ವಿದೇಶದ ಬಳಕೆಗಾಗಿ ದೃಢೀಕರಿಸುವ ಮುದ್ರೆಗೆ, ಕಳುಹಿಸಿದೆವು. ಹಳೆಯ ಪ್ರತಿಗೇ ಮುದ್ರೆ ಹಾಕಿಸಿದ್ದರೆ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು. ಪತಿ ಮೊದಲು ಹೊರಟರು. ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ನಾವು ಮೂವರೂ ಅವರನ್ನು ಸೇರಿಕೊಂಡೆವು.